ಎನ್‌ಐಸಿಯು (ಹಸುಗೂಸುಗಳ ಐಸಿಯು) ಸಿಸ್ಟರ್‌ಗಳಿಗೆ ಐದು ಸ್ಟಾರ್, ಕೆಳಗಿನ ಫಾರ್ಮಸಿಗೆ ಒಂದು

ಆಸ್ಪತ್ರೆ ಹೆಸರು ಬೇಡ, ಬೆಂಗಳೂರಲ್ಲೇ ಇರೋದು. ನಮ್ಮಕ್ಕನ ಮಗು, ಹುಟ್ಟಿದಾಗ 1.8 ಕೆಜಿ, ಸಣ್ಣ ಕರುಳು ಒಂದ್ಕಡೆ ಮುಚ್ಕೊಂಡಿತ್ತು, ಎರಡನೇ ದಿನಾನೇ ಆಪರೇಷನ್. ಸರ್ಜರಿ ಚೆನ್ನಾಗೇ ಆಯ್ತು. ಹಾಲು ಕೊಡೋ ಹಾಗಿಲ್ವಲ್ಲ, ಅದಕ್ಕೆ ದೊಡ್ಡ ರಕ್ತನಾಳಕ್ಕೆ ಲೈನ್ (ಸಣ್ಣ ಟ್ಯೂಬ್) ಹಾಕಿ ಟಿಪಿಎನ್, ಅಂದ್ರೆ ನೇರ ರಕ್ತಕ್ಕೇ ಪೋಷಣೆ, ಕೊಡ್ತಿದ್ರು, ಜೊತೆಗೆ ಎರಡು ಆಂಟಿಬಯೋಟಿಕ್.

ಹತ್ತನೇ ದಿನ ಪ್ಲೇಟ್ಲೆಟ್ ಧಡಕ್ಕಂತ ಇಳೀತು. ಜ್ವರ ಗಿರ ಏನಿಲ್ಲ, ಮಗು ಅಳೋದೇ ನಿಲ್ಲಿಸಿತ್ತು, ಮಧ್ಯಮಧ್ಯ ಉಸಿರಾಡೋದೂ ನಿಲ್ತಿತ್ತು. ಡಾಕ್ಟ್ರು ಕರೆದು ಕೂರಿಸ್ಕೊಂಡು "ರಕ್ತದಲ್ಲಿ ಫಂಗಸ್ ಇರ್ಬಹುದು, ಕ್ಯಾಂಡಿಡಾ ಅಂತ" ಅಂದ್ರು. ನಮ್ಮಮ್ಮ "ಉಪ್ಪಿನಕಾಯಿಗೆ ಬರೋ ಬೂಷ್ಟಾ?" ಅಂತ ಕೇಳೇಬಿಟ್ಲು. ಅವರು ನಗ್ಲಿಲ್ಲ. ಇದು ನಮ್ಮೆಲ್ಲರ ಚರ್ಮದ ಮೇಲೆ, ಕರುಳಲ್ಲಿ ಇರೋದೇ ಅಮ್ಮ, ಆಂಟಿಬಯೋಟಿಕ್ ಬೇರೆ ಕ್ರಿಮಿನೆಲ್ಲ ಸಾಯಿಸಿದ್ರೆ ಇದಕ್ಕೆ ಜಾಗ ಸಿಗುತ್ತೆ, ಕರುಳಿನ ಆಪರೇಷನ್ ಆದ ಮಕ್ಕಳಲ್ಲಿ ರಕ್ತಕ್ಕೆ ಇಳಿಯೋ ಚಾನ್ಸ್ ಜಾಸ್ತಿ, ಲೈನಿಗೂ ಅಂಟ್ಕೊಳ್ಳುತ್ತೆ ಅಂತ ಬಿಡಿಸಿ ಹೇಳಿದ್ರು.

ರಕ್ತದಲ್ಲಿ ಯಾವ ಕ್ರಿಮಿ ಬೆಳೆಯುತ್ತೆ ಅಂತ ನೋಡೋ ಕಲ್ಚರ್ ರಿಪೋರ್ಟಿಗೆ ಕಾಯದೆ ಅವತ್ತೇ ಲೈನ್ ತೆಗೆದ್ರು, ಫಂಗಸ್ ಸಾಯಿಸೋ ಆಂಫೋಟೆರಿಸಿನ್ ಬರೆದ್ರು. ಡಾಕ್ಟ್ರಿಗೂ ಐದು ಸ್ಟಾರ್, ಇದಕ್ಕೇ. ಮೂರನೇ ದಿನ ರಿಪೋರ್ಟಲ್ಲಿ ಅದೇ ಬಂತು.

ಆದ್ರೆ ಫಾರ್ಮಸಿ! ರಾತ್ರಿ 11 ಗಂಟೆಗೆ "ಸ್ಟಾಕ್ ಇಲ್ಲ, ಹೊರಗಡೆ ತನ್ನಿ" ಅಂತ ತಲೆ ಎತ್ತದೆ ಹೇಳಿದ್ರು ಸ್ವಾಮಿ. ಮೂರನೇ ಮೆಡಿಕಲ್ ಶಾಪಲ್ಲಿ ಸಿಕ್ತು, ಅದು ಫ್ರಿಜ್ಜಲ್ಲಿಡೋ ಔಷಧಿ, ಐಸ್ ಪ್ಯಾಕ್ ಹಾಕಿಸ್ಕೊಂಡು ಡಬ್ಬಾನ ಜಾಕೆಟ್ ಒಳಗೆ ಇಟ್ಕೊಂಡು ಗಾಡಿ ಓಡಿಸ್ದೆ. ಹಸುಗೂಸುಗಳ ಆಪರೇಷನ್ ಮಾಡೋ ಬಿಲ್ಡಿಂಗಲ್ಲಿ ಈ ಔಷಧಿ ಇಲ್ಲ ಅಂದ್ರೆ ಏನರ್ಥ?

ಆಮೇಲೆ ಫಂಗಸ್ ಬೇರೆ ಕಡೆ ಹರಡಿದ್ಯಾ ಅಂತ ಕಿಡ್ನಿ ಸ್ಕ್ಯಾನ್, ಎಕೋ (ಹಾರ್ಟ್ ಸ್ಕ್ಯಾನ್), ಕಣ್ಣು, ಬೆನ್ನಿನ ನೀರು ಎಲ್ಲ ಟೆಸ್ಟ್ ಆಯ್ತು. ರಕ್ತ ಕ್ಲಿಯರ್ ಅಂತ ರಿಪೋರ್ಟ್ ಬಂದ್ಮೇಲೂ 14 ದಿನ ಔಷಧಿ ಅಂದಾಗ ಬಿಲ್ ಏರಿಸ್ತಿದಾರೆ ಅಂತ ನಾನೇ ಜಗಳಕ್ಕೆ ಹೋಗಿದ್ದೆ. ಲೆಕ್ಕ ಶುರು ಆಗೋದೇ ಕ್ಲಿಯರ್ ಆದ ದಿನದಿಂದ ಅಂತೆ. ಸಾರಿ ಕೇಳಿದೀನಿ.

ಇನ್ನೊಂದು ಬೇಜಾರು, ಆಪರೇಷನ್ ಮುಂಚೆ ಅಷ್ಟೊಂದು ಪೇಪರಿಗೆ ಸೈನ್ ಹಾಕಿಸ್ಕೊಂಡ್ರಲ್ಲ, ಫಂಗಸ್ ಅನ್ನೋ ಪದ ಒಬ್ರ ಬಾಯಲ್ಲೂ ಬರ್ಲಿಲ್ಲ. ಸಿಸ್ಟರ್‌ಗಳು ಮಾತ್ರ ಸ್ಟ್ರಿಕ್ಟ್ ಅಂದ್ರೆ ಸ್ಟ್ರಿಕ್ಟ್, ಭಾವನ ಮದುವೆ ಉಂಗುರ ಬಿಚ್ಚಿಸಿ ಮೊಣಕೈವರೆಗೂ ಸೋಪ್ ಹಾಕಿಸಿದ್ಮೇಲೇ ಒಳಗೆ ಬಿಡ್ತಿದ್ದಿದ್ದು.

ಮಗು ಈಗ ಆರು ಕೆಜಿ. ಅಲ್ಲಿ ಅಡ್ಮಿಟ್ ಮಾಡೋರು ಫಾರ್ಮಸಿಲಿ ಸ್ಟಾಕ್ ವಿಚಾರ ಹಗಲು ಹೊತ್ತಲ್ಲೇ ಕೇಳಿಟ್ಕೊಳ್ಳಿ.