ಗೀರೋ, ಅಚ್ಚಿನ ಬಿರುಕೋ? ಹತ್ತು ಪಟ್ಟು ಲೂಪ್ ಒಂದು ವರ್ಷ ಬಳಸಿದ ಮೇಲೆ

ಹಳೆ ಬೆಳ್ಳಿ ರೂಪಾಯಿ ಕೂಡಿಡುವವರಿಗೆ ಒಳ್ಳೆ ಲೂಪ್, ಅಂದರೆ ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ, ಬೇಕೇ ಬೇಕು. ಅದಿಲ್ಲದೆ ನಾನು ದುಡ್ಡು ಕಳೆದುಕೊಂಡಿದ್ದೇನೆ. 1862ರ ವಿಕ್ಟೋರಿಯಾ ರೂಪಾಯಿಯೊಂದರಲ್ಲಿ ರಾಣಿಯ ಕೆನ್ನೆಯಿಂದ ಅಂಚಿನವರೆಗೆ ಗೆರೆಯಿತ್ತು. ಮಾರುವವರು "ಅಚ್ಚು ಸೀಳಿದ್ದು ಸಾರ್, ಅಪರೂಪ" ಎಂದರು. ಅಚ್ಚು ಅಂದರೆ ನಾಣ್ಯದ ಮೇಲೆ ಚಿತ್ರ ಮೂಡಿಸಲು ಹೊಡೆಯುವ ಲೋಹದ ಮುದ್ರೆ. ಬೆಳ್ಳಿಯ ಬೆಲೆಗಿಂತ ಎಷ್ಟೋ ಜಾಸ್ತಿ ಕೊಟ್ಟು ತಂದೆ. ಅದು ಬರೀ ಗೀರು.

ಆಮೇಲೆ ಕೊಂಡದ್ದು ಈ ಟ್ರಿಪ್ಲೆಟ್ ಲೂಪ್, 1,600 ರೂಪಾಯಿ. ಮೂರು ಗಾಜು ಸೇರಿಸಿ ಅಂಟಿಸಿದ ಮಸೂರ, ಹಾಗಾಗಿ ಅಂಚಿನಲ್ಲೂ ಅಕ್ಷರ ಸೊಟ್ಟಗಾಗುವುದಿಲ್ಲ. ಮುಂಚೆ ಇದ್ದ "30 ಪಟ್ಟು" ಅಂತ ಬರೆದ ಅಗ್ಗದ್ದರಲ್ಲಿ ನಡು ಬಿಟ್ಟರೆ ಎಲ್ಲ ಮಸುಕು. ನಾಣ್ಯಕ್ಕೆ ಹತ್ತು ಪಟ್ಟು ಸಾಕು. ಲೂಪನ್ನು ಕಣ್ಣಿಗೆ ಒತ್ತಿ ಹಿಡಿದು, ನಾಣ್ಯವನ್ನು ಒಂದು ಇಂಚು ದೂರಕ್ಕೆ ತನ್ನಿ.

ಅದರಲ್ಲೇ ಇರುವ ಎಲ್‌ಇಡಿ ದೀಪ ಮಾತ್ರ ನನಗೆ ಹಿಡಿಸಲಿಲ್ಲ. ಮೇಲಿಂದ ನೇರ ಬೆಳಕು ಬಿದ್ದರೆ ಬೆಳ್ಳಿ ಫಳಫಳ ಎನ್ನುತ್ತದೆ, ಉಬ್ಬು ಯಾವುದು ತಗ್ಗು ಯಾವುದು ತಿಳಿಯುವುದೇ ಇಲ್ಲ. ನಮಗೆ ಬೇಕಾದದ್ದೇ ಅದು ಅಲ್ವಾ? ಅಚ್ಚು ಬಿರುಕು ಬಿಟ್ಟಿದ್ದರೆ ಹೊಡೆತ ಬಿದ್ದಾಗ ಬೆಳ್ಳಿ ಆ ಸಂದಿಗೆ ನುಗ್ಗುತ್ತದೆ, ನಾಣ್ಯದ ಮೇಲೆ ಗೆರೆ ಉಬ್ಬಿ ನಿಲ್ಲುತ್ತದೆ. ಗೀರು ತಗ್ಗಾಗಿರುತ್ತದೆ, ಅದರ ಪಕ್ಕದಲ್ಲಿ ಒತ್ತರಿಸಿದ ಬೆಳ್ಳಿ ಸಣ್ಣ ಏಣಾಗಿ ಎದ್ದಿರುತ್ತದೆ.

ನಾನು ಎಲ್‌ಇಡಿ ಆರಿಸಿ ಟೇಬಲ್ ಲ್ಯಾಂಪನ್ನು ಪಕ್ಕದಲ್ಲಿ, ತೀರಾ ತಗ್ಗಿನಲ್ಲಿ ಇಡುತ್ತೇನೆ. ಕೆಲವೊಮ್ಮೆ ಕಣ್ಣು ಮೋಸ ಮಾಡಿ ತಗ್ಗೇ ಉಬ್ಬು ಅನ್ನಿಸುತ್ತದೆ. ಆಗ ರಾಣಿಯ ಮೂಗು ನೋಡಿ. ಮೂಗು ಉಬ್ಬು ಅನ್ನುವುದು ಗೊತ್ತೇ ಇದೆ. ಮೂಗಿನ ಯಾವ ಬದಿ ಬೆಳಗುತ್ತದೋ ಗೆರೆಯ ಅದೇ ಬದಿ ಬೆಳಗಿದರೆ ಗೆರೆಯೂ ಉಬ್ಬು. ಎದುರು ಬದಿ ಬೆಳಗಿದರೆ ಗೀರು. ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಎರಡು ಮೂರು ಸಲ ನೋಡಿ.

ಈ ಲೂಪಿನಲ್ಲಿ ಕೂದಲೆಳೆಯಂಥ ಉಬ್ಬುಗೆರೆಗಳೂ ಕಾಣುತ್ತವೆ. ಬಯಲಿನಲ್ಲಿ, ಅಂದರೆ ನಾಣ್ಯದ ಚಿತ್ರ-ಅಕ್ಷರವಿಲ್ಲದ ಸಪಾಟು ಜಾಗದಲ್ಲಿ, ಒಂದರ ಪಕ್ಕ ಒಂದು ಓಡಿ, ಮುಖ ಅಥವಾ ಅಕ್ಷರ ಬಂದ ಕೂಡಲೇ ನಿಂತುಬಿಡುತ್ತವೆ. ಅವು ಟಂಕಸಾಲೆಯಲ್ಲಿ ಅಚ್ಚನ್ನು ಉಜ್ಜಿದ ಗುರುತು. ಅಚ್ಚಿನಲ್ಲಿ ಮುಖ ಒಳಗೆ ತಗ್ಗಿನಲ್ಲಿರುತ್ತದೆ, ಉಜ್ಜುವ ಕಲ್ಲು ಅಲ್ಲಿಗೆ ತಾಗುವುದಿಲ್ಲ. ಗೀರು ಹಾಗೆ ನಿಲ್ಲುವುದಿಲ್ಲ, ಬಯಲನ್ನೂ ಮುಖವನ್ನೂ ಒಟ್ಟಿಗೆ ಕೊಯ್ದುಕೊಂಡು ಹೋಗುತ್ತದೆ.

1862ರ ರೂಪಾಯಿಗೆ ಇನ್ನೊಂದು ತೊಡಕಿದೆ. ಆ ಇಸವಿಯನ್ನೇ ಇಟ್ಟು 1874ರವರೆಗೂ ಹೊಡೆದರು, ಬಾಂಬೆ ಟಂಕಸಾಲೆಯವರು ಚುಕ್ಕಿಗಳನ್ನೂ ಹಾಕಿದರು. ಅಚ್ಚಿನ ಚೂರು ಕಿತ್ತುಹೋದಲ್ಲೂ ಇಂಥದ್ದೇ ಉಬ್ಬು ಬರುತ್ತದೆ, ಆದರೆ ಅದು ಅಡ್ಡಾದಿಡ್ಡಿ ಇರುತ್ತದೆ. ಬೇಕೆಂದೇ ಹಾಕಿದ ಚುಕ್ಕಿ ಗುಂಡಗೆ ಇರುತ್ತದೆ. ಇದನ್ನು ಬರಿಗಣ್ಣಲ್ಲಿ ಹೇಳಲು ನನಗೆ ಆಗಲೇ ಇಲ್ಲ, ಲೂಪ್ ಬಂದ ದಿನವೇ ಗೊತ್ತಾಯಿತು.

ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಆಮೇಲೆ ಕಿತ್ತ ನಾಣ್ಯಗಳನ್ನೂ ಇದರಲ್ಲಿ ಹಿಡಿಯಬಹುದು. ಬೆಸುಗೆಯೂ ಉಬ್ಬೇ, ಹಾಗಾಗಿ ಉಬ್ಬಿದ್ದೆಲ್ಲ ಅಚ್ಚಿನ ದೋಷ ಅಂದುಕೊಳ್ಳಬೇಡಿ. ಅಂಚಿನ ಹತ್ತಿರ ಬಣ್ಣ ಬೇರೆಯಾಗಿದ್ದು, ಅರದಲ್ಲಿ ಉಜ್ಜಿದ ಗೆರೆ ಕಂಡರೆ ಅನುಮಾನಪಡಿ. ಹಿಂದಿನ ಚಿನಿವಾರರು ಬೆಳ್ಳಿ ಪರೀಕ್ಷಿಸಲು ಒತ್ತಿದ ಸಣ್ಣ ಮುದ್ರೆಗಳು ಮಾತ್ರ ಯಾವಾಗಲೂ ತಗ್ಗು.

ದೀಪಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ, ದೀಪವಿಲ್ಲದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಗಾಜಿಗೆ ಐದಕ್ಕೆ ಐದು, ಎಲ್‌ಇಡಿಗೆ ಒಂದು.