ಇಲಿಯ ನೆನಪು ಅಳೆಯೋಕೆ ಯಾವುದು ಸರಿ: ಶಟಲ್ ಬಾಕ್ಸೋ, ನೀರಿನ ತೊಟ್ಟಿಯೋ, ಲೀವರ್ ಪೆಟ್ಟಿಗೆಯೋ?

ನೆನಪಿನ ಔಷಧಿಯನ್ನು ಇಲಿಗಳ ಮೇಲೆ ಪರೀಕ್ಷಿಸುವ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಎಂ.ಫಾರ್ಮ ಹುಡುಗರ ಪ್ರಶ್ನೆ ಒಂದೇ: "ಮೇಡಂ, ಮೆಮೊರಿಗೆ ಯಾವ ಮಾಡೆಲ್ ಹಾಕ್ಲಿ?" ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಈ ಮೂರು ಪರೀಕ್ಷೆಗಳನ್ನೂ ಬಳಸಿ ನೋಡಿದ್ದೇನೆ. ಮೂರರಲ್ಲೂ ಎಣಿಸುವ ಕೆಲಸ ಯಂತ್ರದ್ದೇ. ಅದು ಎಣಿಸುತ್ತಿರುವುದು ನೆನಪನ್ನೇನಾ ಅನ್ನೋದು ಬೇರೆ ಮಾತು.

ಶಟಲ್ ಬಾಕ್ಸ್ ಎಲ್ಲಕ್ಕಿಂತ ಸುಲಭ. ಎರಡು ಕೋಣೆ, ನಡುವೆ ಕಿಂಡಿ. ದೀಪ ಹತ್ತಿದ ಮೇಲೆ ಇಲಿ ಆಚೆ ದಾಟದಿದ್ದರೆ ಕಾಲಡಿಯ ಸರಳುಗಳಲ್ಲಿ ಸಣ್ಣ ಶಾಕ್. ಬೇಗ ಫಲಿತಾಂಶ ಬರುತ್ತೆ ಅಂತ ಎಲ್ಲರಿಗೂ ಇದು ಇಷ್ಟ. ನನಗಿಲ್ಲ. ಜಾಗದ ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ಸಿಗೆ ಪೆಟ್ಟಾದ ಇಲಿಗಳು ಇದನ್ನು ಸರಿಯಿದ್ದ ಇಲಿಗಳಿಗಿಂತ ಬೇಗ ಕಲಿಯುತ್ತವೆ! ಹೋದ ಸಲ ಶಾಕ್ ತಿಂದ ಕೋಣೆಗೇ ಮತ್ತೆ ಓಡಬೇಕಲ್ವಾ? ಜಾಗದ ನೆನಪಿದ್ದ ಇಲಿ ಹಿಂಜರಿಯುತ್ತೆ, ಇಲ್ಲದ್ದು ಸುಮ್ನೆ ಓಡುತ್ತೆ. ಓಡಾಟ ಜಾಸ್ತಿ ಮಾಡುವ ಔಷಧಿಯೂ ಇಲ್ಲಿ ನೆನಪಿನ ಔಷಧಿಯ ಹಾಗೆ ಕಾಣಬಹುದು.

ನೀರಿನ ತೊಟ್ಟಿ ರಿಚರ್ಡ್ ಮಾರಿಸ್ 1981ರಲ್ಲಿ ಪ್ರಕಟಿಸಿದ ವಿಧಾನ. ಮಬ್ಬು ನೀರಿನಡಿ ಒಂದು ಕಟ್ಟೆ ಅಡಗಿರುತ್ತೆ. ಕೋಣೆಯ ಗೋಡೆಯ ಮೇಲಿನ ಗುರುತು ನೋಡಿಕೊಂಡು ಇಲಿ ಅದನ್ನು ಹುಡುಕಬೇಕು. ಮೇಲಿನ ಕ್ಯಾಮೆರಾ ಈಜಿದ ದಾರಿ ಬರೆದುಕೊಳ್ಳುತ್ತೆ. ಕೊನೆಗೆ ಕಟ್ಟೆ ತೆಗೆದು ಬಿಟ್ಟರೆ, ಕಲಿತ ಇಲಿ ತೊಟ್ಟಿಯಲ್ಲಿ ಕಟ್ಟೆ ಇದ್ದ ಕಾಲುಭಾಗದಲ್ಲೇ ಹೆಚ್ಚು ಹೊತ್ತು ಸುತ್ತುತ್ತದೆ. ಕಣ್ಣುಮುಚ್ಚಿ ಈಜಿದರೆ ಸಿಗುವ ಪಾಲು 25%, ಅದಕ್ಕಿಂತ ಎಷ್ಟು ಮೇಲೆ ಅನ್ನೋದೇ ಅಂಕ. ವಿಚಾರ ಚೆನ್ನಾಗಿದೆ, ತೊಂದರೆ ನಮ್ಮೂರಿನದು. ಒಂದೂವರೆ ಮೀಟರ್ ಅಗಲದ ತೊಟ್ಟಿಗೆ ಒಂದಡಿ ನೀರೆಂದರೂ 500 ಲೀಟರ್ ಮೇಲೆ ಬೇಕು. ಹಾಲಿನ ಪುಡಿ ಹಾಕಿದರೆ ಮೇ ತಿಂಗಳಲ್ಲಿ ಸಂಜೆಗೇ ವಾಸನೆ. "ಮೇಡಂ, ನೀರು ಕಾದು ಚಹಾ ಆಗ್ಯಾವ್ರಿ" ಅಂತ ಅಟೆಂಡರ್ ಕಾಕಾ ನಗುತ್ತಿದ್ದರು. ನಗುವ ವಿಷಯವಲ್ಲ. ನೀರು ಬೆಚ್ಚಗಾದರೆ ಇಲಿಗೆ ಹೊರಗೆ ಬರುವ ಅವಸರವೇ ಇರೋದಿಲ್ಲ. ಇನ್ನು ಲ್ಯಾಬಿನ ವಿಸ್ಟರ್ ತಳಿಯ ಬಿಳಿ ಇಲಿ ಬಿಳಿ ನೀರಿನಲ್ಲಿ ಕ್ಯಾಮೆರಾಗೆ ಕಾಣೋದೂ ಇಲ್ಲ. ಒಳಗೆ ಕಪ್ಪು ಬಳಿದ ತೊಟ್ಟಿಯೇ ವಾಸಿ.

ಲೀವರ್ ಪೆಟ್ಟಿಗೆಯಲ್ಲಿ ಆಟವೇ ಬೇರೆ. ಎಡದ್ದೋ ಬಲದ್ದೋ ಒಂದು ಲೀವರ್ ಹೊರಬರುತ್ತೆ, ಇಲಿ ಒತ್ತುತ್ತೆ, ಲೀವರ್ ಒಳಗೆ ಹೋಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ಎರಡೂ ಬರುತ್ತವೆ. ಈಗ ಮೊದಲು ಒತ್ತದೇ ಇದ್ದದ್ದನ್ನು ಒತ್ತಿದರೆ 45 ಮಿಲಿಗ್ರಾಂ ತಿಂಡಿ. ಕಾಯುವ ಹೊತ್ತನ್ನು ಕಂಪ್ಯೂಟರ್ ಪ್ರತಿ ಸಲ ಬದಲಿಸುತ್ತೆ, ಸೊನ್ನೆಯಿಂದ ಇಪ್ಪತ್ತು ಸೆಕೆಂಡಿನ ಆಸುಪಾಸಿನವರೆಗೆ.

ಇಲಿಗಳು ಇಲ್ಲೂ ಜಾಣತನ ತೋರಿಸುತ್ತವೆ. ನಮ್ಮದೊಂದು, ಒತ್ತಿದ ತಕ್ಷಣ ಇನ್ನೊಂದು ಲೀವರ್ ಬರುವ ಜಾಗಕ್ಕೆ ಹೋಗಿ ಮೂತಿ ಇಟ್ಟು ಕೂತುಬಿಡುತ್ತಿತ್ತು. ನೆನಪಿಟ್ಟುಕೊಳ್ಳುವ ಕೆಲಸವೇ ಉಳಿಯಲಿಲ್ಲ. ಅದಕ್ಕೇ ಕಾಯುವಾಗ ಎದುರು ಗೋಡೆಯ ತಿಂಡಿ ಬಟ್ಟಲಿಗೆ ಮೂತಿ ಹಾಕಿದರೆ ಮಾತ್ರ ಲೀವರ್ ಬರುವ ಹಾಗೆ ಪ್ರೋಗ್ರಾಂ ಮಾಡಬೇಕು.

ಈ ಪೆಟ್ಟಿಗೆ ನನಗೆ ಹಿಡಿಸಿದ್ದು ಒಂದೇ ಕಾರಣಕ್ಕೆ. ಸೊನ್ನೆ ಸೆಕೆಂಡಿನಲ್ಲಿ ಅಂಕ ಚೆನ್ನಾಗಿದ್ದು ಕಾದಷ್ಟೂ ಇಳಿದರೆ, ಅದು ಮರೆವು. ಸೊನ್ನೆಯಲ್ಲೇ ಕುಸಿದರೆ ಗಮನವೋ ಹಸಿವೋ ಕೈಕೊಟ್ಟಿದೆ ಅಂತ ಲೆಕ್ಕ. ಮರೆವು ತರಿಸಲು ಎಲ್ಲರೂ ಕೊಡುವ ಸ್ಕೋಪೊಲಮಿನ್ ಡೋಸ್ ಜಾಸ್ತಿಯಾದರೆ ಸೊನ್ನೆಯ ಅಂಕವೂ ಬೀಳುತ್ತದೆ. ತೊಟ್ಟಿಯಲ್ಲಿ ಇಂಥದ್ದನ್ನು ಹಿಡಿಯಲು ಕಟ್ಟೆ ಕಾಣುವ ಹಾಗಿಟ್ಟು ಬೇರೆ ಪರೀಕ್ಷೆಯೇ ಮಾಡಬೇಕು.

ಬೆಲೆ ತೆರಬೇಕು, ನಿಜ. ಕಲಿಸೋಕೆ ವಾರಗಟ್ಟಲೆ ಹಿಡಿಯುತ್ತೆ. ಊಟ ಕಡಿಮೆ ಮಾಡಿ ತೂಕವನ್ನು ಮೊದಲಿನ 85%ರ ಹತ್ತಿರ ಇಡಬೇಕು, ಅದಕ್ಕೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು, ದಿನಾ ತೂಗಿ ಬರೆಯಬೇಕು. ನಡುವೆ ಕರೆಂಟ್ ಹೋದರೆ ಆ ದಿನದ ಲೆಕ್ಕ ಹೋಯಿತು.

ಬ್ರಾಹ್ಮಿ ಎಕ್ಸ್‌ಟ್ರಾಕ್ಟ್ ಇಟ್ಟುಕೊಂಡು ಒಂದೇ ವರ್ಷದಲ್ಲಿ ಥೀಸಿಸ್ ಮುಗಿಸುವವರಿಗೆ ನಾನು ಹೇಳೋದು ಕಪ್ಪು ತೊಟ್ಟಿ, ಅದೂ ಡಿಸೆಂಬರ್‌–ಜನವರಿಯಲ್ಲಿ, ನೀರು ತೀರಾ ತಣ್ಣಗಾಗದ ಹಾಗೆ ಹೀಟರ್ ಮತ್ತು ಥರ್ಮಾಮೀಟರ್ ಇಟ್ಟುಕೊಂಡು. ಪಿಎಚ್‌ಡಿಯವರು ಲೀವರ್ ಪೆಟ್ಟಿಗೆಗೇ ಹೋಗಿ, ಜೊತೆಗೆ ಕರೆಂಟ್ ಹೋದಾಗ ಆಗುವ ಯುಪಿಎಸ್‌ಗೂ ಬಜೆಟ್ ಬರೆಯಿರಿ.