ಪಾರ್ಸಿಕ್ ಸುರಂಗದಲ್ಲೂ ನಿಲ್ಲದ ಹಾಡು: ಮ್ಯೂಸಿಕ್ ಆ್ಯಪ್ ಜೊತೆ ಆರು ವರ್ಷ

2022ರ ಶುರುವಿನವರೆಗೆ ಮುಂಬೈ ಬಳಿಯ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿದರೆ, ದಿವಾ ದಾಟಿದ ಮೇಲೆ ಪಾರ್ಸಿಕ್ ಸುರಂಗ ಬರುತ್ತಿತ್ತು. 1916ರಲ್ಲಿ ಶುರುವಾದ ಹಳೇ ಸುರಂಗ, ಹೆಚ್ಚುಕಮ್ಮಿ 1.3 ಕಿ.ಮೀ. ಉದ್ದ. ರೈಲು ಒಳಗೆ ಹೊಕ್ಕರೆ ಸಾಕು, ಫೋನಿನ ನೆಟ್‌ವರ್ಕ್ ಹೋಗಿಬಿಡುತ್ತಿತ್ತು. 2019ರಲ್ಲಿ ನಾನು ದುಡ್ಡು ಕಟ್ಟದೆ ಪುಕ್ಕಟೆ ಆ್ಯಪ್‌ನಲ್ಲೇ ಹಾಡು ಕೇಳುತ್ತಿದ್ದೆ. ಒಂದು ಬೆಳಿಗ್ಗೆ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಶಿವಮತ ಭೈರವ ರಾಗ ಹಚ್ಚಿದ್ದೆ. ಸ್ವರಗಳ ಓಟದ ತಾನ್ ಇನ್ನೇನು ಸಮ್ ಮೇಲೆ, ಅಂದರೆ ತಾಳದ ಮೊದಲ ಪೆಟ್ಟಿನ ಮೇಲೆ, ಬಂದು ಕೂರಬೇಕು, ಸುರಂಗ ಬಂತು. ಹಾಡು ನಿಂತಿತು. ಠಾಣೆ ಹತ್ತಿರ ನೆಟ್‌ವರ್ಕ್ ಮರಳಿದಾಗ ಮೊದಲು ಕೇಳಿಸಿದ್ದು ಸೋಪಿನ ಜಾಹೀರಾತು. ಅವತ್ತೇ ಸಂಜೆ ದುಡ್ಡು ಕಟ್ಟಿದೆ.

ಆ್ಯಪ್ ಯಾವುದು ಅಂತ ಬರೆಯುತ್ತಿಲ್ಲ. ತಿಂಗಳಿಗೆ ನೂರ ಚಿಲ್ಲರೆ ರೂಪಾಯಿ ತೆಗೆದುಕೊಳ್ಳುವ ಇಂಥ ಆ್ಯಪ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ ಕೆಲಸ ಮಾಡುತ್ತವೆ. ನನ್ನ ಅನುಭವ ಯಾವುದಕ್ಕಾದರೂ ಹೊಂದುತ್ತದೆ. ನಾನು ಕುಂದಗೋಳದವಳು. ಕೆಲಸ ಮುಂಬೈಯ ಫೋರ್ಟ್‌ನಲ್ಲಿ. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ರೈಲಿನಲ್ಲೇ ಕಳೆಯುತ್ತದೆ, ಅಷ್ಟೂ ಹೊತ್ತು ಕಿವಿಯಲ್ಲಿ ಹಾಡು ಇರುತ್ತದೆ.

ಮೊದಲು ಡೌನ್‌ಲೋಡ್ ವಿಷಯ, ಅಂದರೆ ನೆಟ್‌ವರ್ಕ್ ಇಲ್ಲದಾಗಲೂ ಕೇಳಲು ಹಾಡನ್ನು ಫೋನಿನಲ್ಲೇ ಇಳಿಸಿಟ್ಟುಕೊಳ್ಳುವುದು. ಮುಂಬೈಯಲ್ಲಿ ಲೋಕಲ್‌ನಲ್ಲಿ ಓಡಾಡುವವರು ಬೇರೆ ಯಾವ ಸೌಲಭ್ಯಕ್ಕೆ ಅಲ್ಲದಿದ್ದರೂ ಇದೊಂದಕ್ಕೆ ಹಣ ಕೊಡಬಹುದು. ಒಳ್ಳೆಯ ಗುಣಮಟ್ಟ ಅಂದರೆ 320 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಅನ್ನುವ ಅಳತೆ) ಇಟ್ಟುಕೊಂಡರೆ ನಿಮಿಷಕ್ಕೆ 2.4 ಎಂಬಿ ಬೇಕು. ಐವತ್ತು ನಿಮಿಷದ ಒಂದು ರಾಗಕ್ಕೆ 120 ಎಂಬಿ ಆಯಿತು. ನಾನು 160ಕ್ಕೆ ಇಳಿಸಿದ್ದೇನೆ, ಜಾಗ ಅರ್ಧಕ್ಕರ್ಧ ಉಳಿಯುತ್ತದೆ. ಲೋಕಲ್‌ನ ಗದ್ದಲದಲ್ಲಿ ಎರಡಕ್ಕೂ ವ್ಯತ್ಯಾಸ ನನಗಂತೂ ಕೇಳಿಸಿಲ್ಲ. ಮನೆಯಲ್ಲಿ ರಾತ್ರಿ ಒಳ್ಳೆ ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ ತಂಬೂರಿಯ ಗುಂಗು ತಿಳಿಯಾಗಿ ಬರುತ್ತದೆ, ಆಗ 320 ಬೇಕು ಅನ್ನಿಸುತ್ತದೆ. ಇನ್ನೊಂದು ಮಾತು. ಸೆಟ್ಟಿಂಗ್ಸ್‌ನಲ್ಲಿ ಕ್ರಾಸ್‌ಫೇಡ್ ಅಂತ ಇರುತ್ತದೆ, ಒಂದು ಹಾಡಿನ ಬಾಲವನ್ನು ಮುಂದಿನದರ ತಲೆಗೆ ಬೆರೆಸುವಂಥದ್ದು. ಖಯಾಲ್ ಶೈಲಿಯ ಹಿಂದೂಸ್ತಾನಿ ಗಾಯನ ಕೇಳುವವರು ಅದನ್ನು ಮೊದಲು ಆಫ್ ಮಾಡಿ. ನಿಧಾನ ಲಯದ ವಿಲಂಬಿತ್ ಒಂದು ಫೈಲು, ವೇಗದ ದ್ರುತ್ ಇನ್ನೊಂದು ಫೈಲು ಮಾಡಿ ಹಾಕಿರುತ್ತಾರೆ. ಕ್ರಾಸ್‌ಫೇಡ್ ಇದ್ದರೆ ವಿಲಂಬಿತ್‌ನ ಕೊನೆ ಮುಗಿಯುವ ಮೊದಲೇ ದ್ರುತ್ ಬಂದು ಮೇಲೆ ಕೂರುತ್ತದೆ. ಶಫಲ್ ಕೂಡ ಬೇಡ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ, ಪ್ಲೇಲಿಸ್ಟ್. ಆ್ಯಪ್‌ನವರೇ ಮಾಡಿಕೊಡುವ ಪಟ್ಟಿಗಳು ಕೆಟ್ಟದಾಗಿಲ್ಲ. ಮಳೆ ಅಂದರೆ ಮಳೆಯ ಸಿನಿಮಾ ಹಾಡು, ಬೆಳಿಗ್ಗೆ ಅಂದರೆ ದೇವರ ಹಾಡು. ಸುಮ್ನೆ ಅಡುಗೆ ಮಾಡುತ್ತಾ ಕೇಳಲು ಸಾಕು. ಆದರೆ ನಾವೇ ಕೂತು ಕಟ್ಟಿದ ಪಟ್ಟಿಯ ರುಚಿಯೇ ಬೇರೆ. ನನ್ನ ಬೆಳಗಿನ ಪಟ್ಟಿಯಲ್ಲಿ ಬೆಳಗಿನ ರಾಗಗಳು, ತೋಡಿ, ಭೈರವ, ಜೌನ್‌ಪುರಿ. ಸಂಜೆ ಸಿಎಸ್‌ಎಂಟಿ ನಿಲ್ದಾಣದಿಂದ ಮರಳುವಾಗ ಪೂರಿಯಾ ಧನಾಶ್ರೀ, ಮಾರ್ವಾ. ಮಾರ್ವಾದಲ್ಲಿ ಪಂಚಮವೇ (ಪ) ಇಲ್ಲ, ಷಡ್ಜವನ್ನೂ (ಸ) ತಡಮಾಡಿ ಮುಟ್ಟುತ್ತಾರೆ. ಹೊತ್ತು ಮುಳುಗುವಾಗ ಕಿಟಕಿ ಪಕ್ಕ ನಿಂತು ಅದನ್ನು ಕೇಳಿದರೆ, ಮನೆ ಇನ್ನೂ ದೂರ ಇದೆ ಅನ್ನಿಸುವುದು ಯಾಕೆ ಅಂತ ಗೊತ್ತಾಗುತ್ತದೆ. ಜೂನ್ ಬಂದರೆ ಮಲ್ಹಾರ್ ಪಟ್ಟಿ: ಮೇಘ, ಗೌಡ್ ಮಲ್ಹಾರ್, ಮಿಯಾಂ ಕಿ ಮಲ್ಹಾರ್. ಕುರ್ಲಾದಲ್ಲಿ ಹಳಿ ಮೇಲೆ ನೀರು ನಿಂತು ರೈಲು ಗಂಟೆಗಟ್ಟಲೆ ಅಲ್ಲಾಡದ ಒಂದು ಸಂಜೆ, ಆ ಪಟ್ಟಿ ಪೂರ್ತಿ ಒಂದು ಸುತ್ತು ಮುಗಿದಿತ್ತು.

ಆದರೆ ನಾನು ಪ್ರೀತಿಯಿಂದ ಕಟ್ಟಿದ್ದು 'ಗದಗದಿಂದ ಮುಂಬೈ' ಅನ್ನುವ ಪಟ್ಟಿ. ರೈಲು ಹೋಗುವ ದಾರಿಯಲ್ಲೇ ಹಿಂದೂಸ್ತಾನಿ ಗಾಯಕರನ್ನು ಜೋಡಿಸಿದ್ದೇನೆ. ಗದಗದಲ್ಲಿ ಭೀಮಸೇನ ಜೋಶಿ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ ನಮ್ಮ ಭೀಮಣ್ಣ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ನಮ್ಮ ಕುಂದಗೋಳ, ಅಲ್ಲಿ ಇವರಿಬ್ಬರ ಗುರು ಸವಾಯಿ ಗಂಧರ್ವರು. ಅಲ್ಲೇ ಹತ್ತಿರ ಯಲಿವಾಳ, ಬಸವರಾಜ ರಾಜಗುರು ಹುಟ್ಟಿದ ಊರು. ಧಾರವಾಡಕ್ಕೆ ಬಂದರೆ ಮನ್ಸೂರ್. ಬೆಳಗಾವಿ ಬಳಿ ಸುಳೇಭಾವಿಯಲ್ಲಿ ಕುಮಾರ ಗಂಧರ್ವ. ಮೀರಜ್‌ನಲ್ಲಿ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್. ಪುಣೆಯಲ್ಲಿ ಮತ್ತೆ ಭೀಮಣ್ಣ, ಈ ಸಲ ಮರಾಠಿ ಭಕ್ತಿಪದ ಅಭಂಗ. ಮುಂಬೈಯಲ್ಲಿ ಮತ್ತೆ ಕುಮಾರ ಗಂಧರ್ವ, ಏಕೆಂದರೆ ಬಿ.ಆರ್. ದೇವಧರರ ಬಳಿ ಅವರು ಕಲಿತದ್ದು ಇಲ್ಲೇ. ರಜೆಗೆ ಊರಿಗೆ ಹೋಗುವಾಗ ಪಟ್ಟಿಯನ್ನು ತಿರುವುಮುರುವು ಮಾಡಿ ಹಚ್ಚುತ್ತೇನೆ. ಈ ಒಂದು ದಾರಿಯಲ್ಲಿ ಎಷ್ಟು ಜನ ಓಡಾಡಿದ್ದಾರೆ ಅಂತ ಪ್ರತಿ ಸಲ ಎದೆ ತುಂಬಿ ಬರುತ್ತದೆ.

ಈ ಪಟ್ಟಿ ಕಟ್ಟುವಾಗಲೇ ಆ್ಯಪ್‌ನ ದೊಡ್ಡ ಕೊರತೆ ಕಣ್ಣಿಗೆ ಬಿತ್ತು. ಅದಕ್ಕೆ ನಮ್ಮವರ ಹೆಸರು ಗೊತ್ತಿಲ್ಲ. ಗಂಧರ್ವ ಅಂತ ಹುಡುಕಿದರೆ ಬಾಲಗಂಧರ್ವ, ಕುಮಾರ ಗಂಧರ್ವ, ಸವಾಯಿ ಗಂಧರ್ವ ಎಲ್ಲ ಕಲಸಿ ಬರುತ್ತದೆ. ಸವಾಯಿ ಗಂಧರ್ವರ ಮೂಲ ಹೆಸರು ರಾಮಭಾವು ಕುಂದಗೋಳ್ಕರ್. ಹಾಗೆ ಹುಡುಕಿದರೆ ಒಂದೆರಡು ಹಾಡು ಬೇರೆಯೇ ಪುಟದಲ್ಲಿ ಸಿಗುತ್ತವೆ. ವೆಂಕಟೇಶ್ ಕುಮಾರ್ ಅವರಿಗಂತೂ 'ಪಂಡಿತ್' ಸೇರಿಸಿದ ಒಂದು ಪುಟ, 'ಎಂ.' ಇರುವ ಒಂದು ಪುಟ, ಎರಡೂ ಇಲ್ಲದ್ದು ಇನ್ನೊಂದು. ಒಂದು ಪುಟವನ್ನು ಫಾಲೋ ಮಾಡಿದರೆ ಇನ್ನೊಂದರಲ್ಲಿ ಬಂದ ಹೊಸ ದಾಸರ ಪದ ಗೊತ್ತೇ ಆಗುವುದಿಲ್ಲ. ನನಗೆ ಹಾಗೆ ಎಷ್ಟೋ ಸಲ ತಪ್ಪಿದೆ. ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಬರೆದೆ. ಎರಡು ಪುಟ ಒಂದಾಯಿತು, ಅಷ್ಟೇ.

ಗಂಗೂಬಾಯಿಯವರದು ಇನ್ನೂ ಬೇಜಾರಿನ ಕಥೆ. 1930ರ ದಶಕದಲ್ಲಿ ಅವರ ಮೊದಲ ರೆಕಾರ್ಡುಗಳು ಬಂದದ್ದು 'ಗಾಂಧಾರಿ' ಎಂಬ ಹೆಸರಲ್ಲಿ. ಆಗಿನ ದನಿ ಸಣ್ಣದು, ಎತ್ತರದ್ದು. ಮುಂದೆ ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಗಡುಸಾಯಿತು, ಜಗತ್ತಿಗೆ ಗೊತ್ತಿರುವುದು ಆ ದನಿ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಮಾತ್ರ ಆಕೆ ಏನನ್ನು ದಾಟಿ ಬಂದರು ಅಂತ ತಿಳಿಯುತ್ತದೆ. ಹೆಸರು ಬೇರೆ ಇರುವುದರಿಂದ ಆ್ಯಪ್ ಇವನ್ನು ಒಟ್ಟಿಗೆ ತೋರಿಸುವುದೇ ಇಲ್ಲ. ನಾನೇ ಹುಡುಕಿ ಒಂದರ ಹಿಂದೆ ಒಂದು ಇಟ್ಟೆ. ಲೇಡೀಸ್ ಡಬ್ಬಿಯಲ್ಲಿ ನನ್ನ ಜೊತೆ ಬರುವ ವಿಜಯಪುರದ ಕಾಕು ಒಬ್ಬರಿದ್ದಾರೆ. ಒಂದು ದಿನ ಒಂದು ಇಯರ್‌ಬಡ್ ಅವರ ಕಿವಿಗೆ ಇಟ್ಟೆ. ಮೊದಲನೆಯದು ಮುಗಿಯಿತು, ಎರಡನೆಯದು ಶುರುವಾಯಿತು. ಕಾಕು ಸೆರಗಿನಿಂದ ಇನ್ನೊಂದು ಕಿವಿ ಮುಚ್ಚಿಕೊಂಡು ಕಣ್ಣು ಮುಚ್ಚಿದರು.

"ಇದು ಗಂಗಜ್ಜೀದು. ಮೊದಲಿಂದು ಯಾರದವಾ?"

"ಅದೂ ಅವರದೇ ರೀ ಕಾಕು."

"ಹೌದೇನು? ಮತ್ತೊಮ್ಮೆ ಹಚ್ಚು ನೋಡೋಣು."

ಘಾಟ್‌ಕೋಪರ್‌ನಿಂದ ದಾದರ್‌ವರೆಗೆ ಅದನ್ನೇ ಕೇಳಿದೆವು. ಕಾಕು ಇಳಿಯುವುದು ಕುರ್ಲಾದಲ್ಲಿ. ಅವತ್ತು ಇಳಿಯಲಿಲ್ಲ.

ಹೊಸ ಬಿಡುಗಡೆ ವಿಷಯದಲ್ಲಿ ಆ್ಯಪ್ ಪಾಸಾಗಿದೆ. 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಆಲ್ಬಮ್‌ಗಳಿಗೆ ಶುಕ್ರವಾರ ಅಂತ ಗೊತ್ತುಮಾಡಿದ್ದಾರೆ. ಹಾಗಾಗಿ ಶುಕ್ರವಾರ ಬೆಳಗಿನ ಲೋಕಲ್ ನನಗೆ ಹಬ್ಬ. ಬಿಂದುಮಾಲಿನಿ, ವಾಸು ದೀಕ್ಷಿತ್, ಜಯತೀರ್ಥ ಮೇವುಂಡಿ ಇವರನ್ನೆಲ್ಲ ಫಾಲೋ ಮಾಡಿದ್ದೇನೆ, ಹೊಸದು ಬಂದರೆ ಫೋನು ಟಿಂಗ್ ಅನ್ನುತ್ತದೆ. ಕನ್ನಡ ಸಿನಿಮಾ ಹಾಡುಗಳು ಮಾತ್ರ ವಾರ ನೋಡಿ ಬರುವುದಿಲ್ಲ, ಒಂದೊಂದಾಗಿ ಯಾವತ್ತಾದರೂ ಬರುತ್ತವೆ, ಅವುಗಳ ಸುದ್ದಿಯನ್ನೂ ಆ್ಯಪ್ ಸರಿಯಾಗಿ ಕೊಡುತ್ತದೆ. ಆದರೆ ಹಳೇ ಕಛೇರಿಯ ಧ್ವನಿಮುದ್ರಣ ಹೊಸದಾಗಿ ಬಂದರೆ, ಹಾಡಿದ ವರ್ಷದ ಬದಲು ಆ್ಯಪ್‌ಗೆ ಏರಿಸಿದ ವರ್ಷ ಹಾಕಿರುತ್ತಾರೆ. ಮನ್ಸೂರರು ತೀರಿಕೊಂಡದ್ದು 1992ರಲ್ಲಿ. ಅವರ ಆಲ್ಬಮ್ ಕೆಳಗೆ 2016 ಅಂತ ಇದ್ದರೆ ಹೊಸದಾಗಿ ಕೇಳಲು ಬರುವ ಹುಡುಗರಿಗೆ ಏನು ತಿಳಿಯಬೇಕು? ಯಾವ ವಯಸ್ಸಿನ ದನಿ, ಯಾವ ಊರಿನ ಕಛೇರಿ, ತಬಲಾ ಯಾರದು, ಹಾರ್ಮೋನಿಯಂ ಯಾರದು, ಇದೆಲ್ಲ ಹಳೇ ಕ್ಯಾಸೆಟ್ಟಿನ ಚೀಟಿಯ ಮೇಲೆ ಇರುತ್ತಿತ್ತು. ಅಷ್ಟನ್ನಾದರೂ ಹಾಕಬೇಕು.

ಪ್ಲೇಲಿಸ್ಟ್‌ನಿಂದ ಹಾಡು ಮಾಯವಾಗುವುದೂ ಇದೆ. ಕಂಪನಿಗಳ ಮಧ್ಯೆ ಒಪ್ಪಂದ ಮುಗಿದರೆ ಹಾಡಿನ ಹೆಸರು ಬೂದು ಬಣ್ಣಕ್ಕೆ ತಿರುಗುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ನನ್ನ ಗದಗ ಪಟ್ಟಿಯಲ್ಲಿ ಈಗ ಐದು ಬೂದು ಸಾಲುಗಳಿವೆ. ಅಳಿಸಿಲ್ಲ. ಎರಡು ಸಲ ಹೀಗೆ ಹೋದವು ತಿಂಗಳುಗಳ ನಂತರ ವಾಪಸ್ ಬಂದಿವೆ. ನಿಮ್ಮ ಜೀವಕ್ಕೆ ಹತ್ತಿರದ ಪಟ್ಟಿ ಇದ್ದರೆ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ.

ಹಣದ ವಿಷಯದಲ್ಲಿ ಒಂದೇ ಒಂದು ಸಲ ತೊಂದರೆಯಾಯಿತು. 2021ರ ಅಕ್ಟೋಬರ್‌ನಲ್ಲಿ ಕಾರ್ಡ್‌ನಿಂದ ತಾನಾಗಿ ಹಣ ಕಡಿತವಾಗುವ ನಿಯಮ ಬದಲಾಯಿತು. ನನ್ನ ಕಂತು ಹೋಗಿರಲಿಲ್ಲ. ಆ್ಯಪ್‌ನವರು ಒಂದು ಮಾತು ಹೇಳದೆ ಡೌನ್‌ಲೋಡ್ ಮಾಡಿಟ್ಟ ಹಾಡುಗಳಿಗೆಲ್ಲ ಬೀಗ ಹಾಕಿದರು. ಬೆಳಿಗ್ಗೆ ರೈಲಿನಲ್ಲಿ ನಿಂತಾಗ ಗೊತ್ತಾಯಿತು. ನಿಯಮ ಅವರದಲ್ಲ, ಸರಿ. ಮುಂಚೆ ಒಂದು ಮೆಸೇಜ್ ಕಳಿಸಬಹುದಿತ್ತು ಅಲ್ವಾ? ಆಮೇಲೆ ಯುಪಿಐ ಆಟೊಪೇಗೆ ಬದಲಾಯಿಸಿದೆ, ಇಲ್ಲಿಯವರೆಗೆ ಅಡಚಣೆ ಇಲ್ಲ.

ಇನ್ನು ಕಾರ್ಯಕ್ರಮಗಳ ಸುದ್ದಿ. 2025ರ ಜನವರಿ 18, 19 ಮತ್ತು 21ರಂದು ಕೋಲ್ಡ್‌ಪ್ಲೇ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂಗೆ ಬಂದಾಗ ಆ್ಯಪ್ ತಿಂಗಳುಗಳ ಮುಂಚೆಯೇ ಹೇಳಿತ್ತು. ನನ್ನ ತಮ್ಮ ಹೋಗಿ ಬಂದ, ಕೈಗೆ ಕಟ್ಟಿದ ಬೆಳಕಿನ ಪಟ್ಟಿ ಹಾಡಿನ ತಾಳಕ್ಕೆ ಬಣ್ಣ ಬದಲಾಯಿಸುವುದನ್ನು ವಾರಗಟ್ಟಲೆ ವರ್ಣಿಸಿದ. ಅಷ್ಟು ದೊಡ್ಡವರಿಗೆ ಈ ವ್ಯವಸ್ಥೆ ಚೆನ್ನಾಗಿದೆ. ಆದರೆ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ದಾಸರ ಪದ ಇದ್ದರೆ, ಕರ್ನಾಟಕ ಸಂಘದಲ್ಲಿ ಗಾಯನ ಇದ್ದರೆ, ಆ್ಯಪ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ಅದಕ್ಕೆ ನಮ್ಮ ವಾಟ್ಸಾಪ್ ಗುಂಪೇ ಗತಿ. ಷಣ್ಮುಖಾನಂದ ಹಾಲ್‌ನ ಕಛೇರಿಗಳು ಕೂಡ ಆ್ಯಪ್‌ಗಿಂತ ಮೊದಲು ನಮಗೆ ಬಾಯಿಂದ ಬಾಯಿಗೆ ತಿಳಿಯುತ್ತವೆ. ಯಾರು ಯಾವ ಗಾಯಕರನ್ನು ದಿನಾ ಕೇಳುತ್ತಾರೆ ಅಂತ ಆ್ಯಪ್‌ಗೆ ಚೆನ್ನಾಗಿ ಗೊತ್ತು. ಅದೇ ಗಾಯಕರು ಮೂರು ಸ್ಟೇಷನ್ ಆಚೆ ಹಾಡುತ್ತಿದ್ದರೆ ಹೇಳುವುದಿಲ್ಲ. ಆರು ವರ್ಷದಲ್ಲಿ ಸುಧಾರಿಸದ ಒಂದು ವಿಷಯ ಅಂದರೆ ಇದು.

ಇಷ್ಟೆಲ್ಲ ಇದ್ದರೂ ಐದಕ್ಕೆ ನಾಲ್ಕು ಕೊಡುತ್ತೇನೆ, ಮನಸ್ಸಿನಿಂದ ಕೊಡುತ್ತೇನೆ. ಒಂದು ಅಂಕ ಕಳೆದಿರುವುದು ಹೆಸರುಗಳಿಗಾಗಿ.

ಹೋದ ಡಿಸೆಂಬರ್‌ನಲ್ಲಿ ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ಹೋಗಿದ್ದೆ. ಗುರು ತೀರಿಕೊಂಡ ಮೇಲೆ ಅವರ ನೆನಪಿಗೆ ಭೀಮಣ್ಣ 1953ರಲ್ಲಿ ಶುರು ಮಾಡಿದ ಉತ್ಸವ. ಕಲ್ಯಾಣದಲ್ಲಿ ರೈಲು ಹತ್ತಿದೆ. ಕರ್ಜತ್ ದಾಟಿ ಘಾಟ್ ಏರುವಾಗ ಒಂದರ ಹಿಂದೆ ಒಂದು ಸುರಂಗ, ಹಾಡು ಎಲ್ಲೂ ನಿಲ್ಲಲಿಲ್ಲ. ಮುಕುಂದನಗರದ ಮೈದಾನದಲ್ಲಿ ಭಾರತೀಯ ಬೈಠಕ್‌ನ ಟಿಕೆಟ್ ತೆಗೆದುಕೊಂಡು, ಶಾಲು ಹಾಸಿಕೊಂಡು ನೆಲದ ಮೇಲೆ ಕೂತೆ. ಕೊನೆಯ ದಿನ ಎಲ್ಲರ ಗಾಯನ ಮುಗಿದ ಮೇಲೆ ಅಲ್ಲಿ ಒಂದು ಪದ್ಧತಿ ಇದೆ. ಸವಾಯಿ ಗಂಧರ್ವರದೇ ಹಳೇ ಭೈರವಿ ರೆಕಾರ್ಡ್ ಹಾಕುತ್ತಾರೆ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯದು, ಮೂರು ಚಿಲ್ಲರೆ ನಿಮಿಷ. ಚರಚರ ಸದ್ದಿನ ನಡುವೆ ನಮ್ಮೂರಿನವರ ದನಿ ಇಡೀ ಮೈದಾನ ತುಂಬಿತು. ಶಾಲು ಮಡಚುತ್ತಿದ್ದವರೆಲ್ಲ ಕೈ ನಿಲ್ಲಿಸಿ ಕೇಳಿದರು.

ಮರಳುವಾಗ ರೈಲಿನಲ್ಲಿ ಕೂತು ಆ್ಯಪ್‌ನಲ್ಲಿ ಆ ಭೈರವಿ ಹುಡುಕಿದೆ. ಮೊದಲ ಪುಟದಲ್ಲಿ ಇರಲಿಲ್ಲ. ಲೋಣಾವಳದ ಹತ್ತಿರ ಸಿಕ್ಕಿತು, ಯಾವುದೋ ಸಂಗ್ರಹದ ಹತ್ತೊಂಬತ್ತನೇ ಹಾಡಾಗಿ, ಹೆಸರಿನ ಕಾಗುಣಿತ ತಪ್ಪಾಗಿ. ಡೌನ್‌ಲೋಡ್ ಮಾಡಿ ಗದಗ ಪಟ್ಟಿಯ ಕೊನೆಗೆ, ಮುಂಬೈ ಆದ ಮೇಲೆ, ಸೇರಿಸಿದೆ.